ಬಿರುಕು ಬಿಟ್ಟ ರ‍್ಯಾಕಿಗೆ ಇನ್ನೊಂದು ಪಟ್ಟಿ ಹಾಕಿಸಲೇ?

ಪ್ರಶ್ನೆ: ನಾನು ಜಮಖಂಡಿಯವನು, ಸಹಕಾರಿ ಬ್ಯಾಂಕಿನಲ್ಲಿ ಕೆಲಸ. ಹೋದ ವರ್ಷ 400 ಸಿಸಿ ವರ್ಗದ ಟೂರಿಂಗ್ ಬೈಕ್ ತಗೊಂಡೆ. ಜೂನ್ ಕೊನೆಗೆ ಹೆಂಡತಿಯನ್ನು ಕರೆದುಕೊಂಡು ಲೇಹ್‌ಗೆ ಹೋಗುವ ಆಸೆ. ಊರಿನಲ್ಲೇ ಗೇಟು, ಗ್ರಿಲ್ ಮಾಡುವವರಿಂದ 12 ಮಿಮೀ ಸರಳಿನಲ್ಲಿ ಎರಡೂ ಬದಿಗೆ ರ‍್ಯಾಕ್ ಮಾಡಿಸಿ ಎರಡು ಅಲ್ಯೂಮಿನಿಯಂ ಪೆಟ್ಟಿಗೆ ಹಾಕಿದ್ದೇನೆ. ಹಿಂದೆ ಟಾಪ್ ಬಾಕ್ಸ್, ಮುಂದೆ ಕ್ರ್ಯಾಶ್ ಗಾರ್ಡ್ ಮತ್ತು ಫಾಗ್ ಲೈಟ್ ಇವೆ. ಮೊನ್ನೆ ಬೆಳಗಾವಿಗೆ ಬರುವಾಗ ಲೋಕಾಪುರ, ಯರಗಟ್ಟಿ ನಡುವೆ ಕಾಣದ ಹಂಪ್ ಹಾರಿದ್ದಕ್ಕೆ ಎಡಗಡೆ ರ‍್ಯಾಕಿನ ಮೇಲಿನ ವೆಲ್ಡ್ ಹತ್ತಿರ ಬಿರುಕು ಬಿಟ್ಟಿತು. ಮಾಡಿದವರು "ಇನ್ನೊಂದು ಪಟ್ಟಿ ಹೊಡದು ವೆಲ್ಡ್ ಮಾಡ್ತೀನ್ರಿ, ಜನ್ಮದಾಗ ಮುರಿಯೂದಿಲ್ಲ" ಅನ್ನುತ್ತಾರೆ. ಮಾಡಿಸಲೇ? ಪೆಟ್ಟಿಗೆಯಲ್ಲೂ ಕೊಕ್ಕೆಯ ಸುತ್ತ ತಗಡು ಉಬ್ಬಿದೆ. ನನ್ನ ತೂಕ 78 ಕೆಜಿ, ಹೆಂಡತಿಯದು 62. ಬೈಕ್ ಹೊರಬಹುದಾದ ತೂಕ ಪುಸ್ತಕದ ಪ್ರಕಾರ 190 ಕೆಜಿ. ಫೋಟೋ ಕಳಿಸಿದ್ದೇನೆ.

ಉತ್ತರ: ಮಾಡಿಸಬೇಡಿ.

ಅವರ ಕೈ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದೆ, ವೆಲ್ಡ್ ತುಂಬಿಕೊಂಡು ಚೆನ್ನಾಗಿಯೇ ಕೂತಿದೆ. ಬಿರುಕು ಬಿದ್ದಿರುವುದು ವೆಲ್ಡ್ ಮುಗಿದು ಬರೀ ಸರಳು ಶುರುವಾಗುವ ಅಂಚಿನಲ್ಲಿ. ನೂರಕ್ಕೆ ತೊಂಬತ್ತು ರ‍್ಯಾಕ್ ಮುರಿಯುವುದು ಅಲ್ಲೇ. ಗಟ್ಟಿ ಜಾಗ ಮುಗಿದು ಮೆತ್ತಗಿನ ಜಾಗ ತಟ್ಟನೆ ಶುರುವಾದರೆ ಬಾಗುವ ಬಲವೆಲ್ಲ ಆ ಗೆರೆಯ ಮೇಲೆ ಬಂದು ಕೂಡುತ್ತದೆ. ಅದರ ಮೇಲೆ ಪಟ್ಟಿ ಹೊಡೆದರೆ ಆ ಗೆರೆ ಪಟ್ಟಿಯ ತುದಿಗೆ ಸರಿಯುತ್ತದೆ, ಅಷ್ಟೇ. ಅಲ್ಲಿಗೂ ಪಟ್ಟಿ ಹೊಡೆದರೆ ಇನ್ನೂ ಮುಂದಕ್ಕೆ. ಕೊನೆಗೆ ರ‍್ಯಾಕಿನಲ್ಲಿ ಮುರಿಯಲು ಜಾಗವೇ ಉಳಿಯದೆ, ಸೀಟು ಮತ್ತು ಲಗೇಜು ಹೊರುವ ಬೈಕಿನ ಹಿಂದಿನ ಚೌಕಟ್ಟು, ಅಂದರೆ ಸಬ್‌ಫ್ರೇಮ್ ಮುರಿಯುತ್ತದೆ.

ಇನ್ನೊಂದು ಮಾತು. ಒಂದು ಹಂಪಿಗೆ ಮುರಿಯಿತು ಅಂತ ಬರೆದಿದ್ದೀರಿ. ರ‍್ಯಾಕ್ ಬಿಚ್ಚಿ ಆ ಬಿರುಕನ್ನು ಕೈಯಿಂದ ಪೂರ್ತಿ ಮುರಿದು ಒಳಮುಖ ನೋಡಿ. ಕಂದು ಹಿಡಿದ ಭಾಗ ತಿಂಗಳುಗಟ್ಟಲೆ ಹಿಂದಿನಿಂದ ತೆರೆದುಕೊಳ್ಳುತ್ತ ಬಂದದ್ದು. ಬೆಳ್ಳಗೆ ಹೊಳೆಯುವ ಚೂರು ಮಾತ್ರ ಮೊನ್ನೆ ಹರಿದದ್ದು. ಕಂದು ಭಾಗವೇ ಹೆಚ್ಚಿರುತ್ತದೆ ಅಂತ ನನ್ನ ಊಹೆ. ಬೈಕ್ ತಂದ ದಿನದಿಂದ ಅದು ಎಣಿಸುತ್ತಲೇ ಇತ್ತು, ಲೋಕಾಪುರದ ಹಂಪ್ ಲೆಕ್ಕ ಮುಗಿಸಿತು.

ಈ ತಪ್ಪನ್ನು ನಾನೇ ಮಾಡಿದ್ದೇನೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನ ಶೆಡ್ ಶುರುವಾದ ಹೊಸತು. ಪಕ್ಕದಲ್ಲಿ ಫೌಂಡ್ರಿ, ಎದುರಿಗೆ ಲೇತ್, ಕಬ್ಬಿಣಕ್ಕೇನು ಬರ? ನನ್ನ ಬೈಕಿಗೆ ನಾನೇ ಸರಳಿನ ರ‍್ಯಾಕ್ ಮಾಡಿದೆ. ಒಂದು ಕಡೆ ಬಿರುಕು ಬಂತು, ಪಟ್ಟಿ ಹೊಡೆದೆ. ಇನ್ನೊಂದು ಕಡೆ ಬಂತು, ಅಲ್ಲಿಗೂ ಹೊಡೆದೆ. ನಮ್ಮವ್ವ ಕೌದಿ ಹೊಲಿದ ಹಾಗೆ ಚೂರಿನ ಮೇಲೆ ಚೂರು. ಕೌದಿ ಹಾಗೆ ಹೊಲಿದಷ್ಟೂ ಗಟ್ಟಿ, ಯಾಕೆಂದರೆ ಅದು ಎಲ್ಲಿ ಬೇಕಾದರೂ ಮಡಚಿಕೊಳ್ಳುತ್ತದೆ. ಕಬ್ಬಿಣಕ್ಕೆ ಆ ಗುಣವಿಲ್ಲ. ಒಂದು ಮಳೆಗಾಲ ಚೋರ್ಲಾ ಘಾಟಿಗೆ ಹೊರಟವನು ಕಣಕುಂಬಿ ದಾಟುವಷ್ಟರಲ್ಲಿ ಹಿಂದೆ ಏನೋ ಕುಸಿದ ಹಾಗಾಯಿತು. ಇಳಿದು ನೋಡಿದರೆ ರ‍್ಯಾಕಿಗೆ ಒಂದು ಗೀರೂ ಇಲ್ಲ! ಸೀಟಿನ ಕೆಳಗಿನ ಸಬ್‌ಫ್ರೇಮ್ ಪೈಪು ಮಡಚಿಕೊಂಡು ಟಾಪ್ ಬಾಕ್ಸ್ ಟೈರಿನ ಮೇಲೆ ಕೂತಿತ್ತು. ಆ ಮಳೆಯಲ್ಲಿ ತರಕಾರಿ ಪಿಕಪ್ ಒಂದರಲ್ಲಿ ಬೈಕ್ ಹೇರಿಕೊಂಡು ಜಾಂಬೋಟಿ ಮೇಲೆ ವಾಪಸ್ ಬಂದೆ. ಆ ರ‍್ಯಾಕ್ ಇವತ್ತಿಗೂ ಶೆಡ್ಡಿನಲ್ಲಿದೆ, ಏಪ್ರನ್ ನೇತು ಹಾಕಲು.

ಟ್ರ್ಯಾಕ್ಟರ್ ಇದ್ದವರ ಮನೆಯಲ್ಲಿ ಈ ವಿಷಯ ಬಿಡಿಸಿ ಹೇಳಬೇಕಿಲ್ಲ. ರೋಟಾವೇಟರ್ ಶಾಫ್ಟಿನಲ್ಲಿ ಒಂದು ಶಿಯರ್ ಬೋಲ್ಟ್ ಇರುತ್ತದಲ್ಲ, ಕಲ್ಲು ಸಿಕ್ಕರೆ ಅದು ತುಂಡಾಗಿ ಗೇರ್‌ಬಾಕ್ಸ್ ಉಳಿಸುತ್ತದೆ. ಪದೇ ಪದೇ ತುಂಡಾಗುತ್ತದೆ ಅಂತ ಅಲ್ಲಿಗೆ ಗಟ್ಟಿ ಬೋಲ್ಟ್ ಜಡಿದವನು ಗೇರ್‌ಬಾಕ್ಸ್ ಒಡೆದುಕೊಂಡದ್ದು ಪ್ರತಿ ಊರಲ್ಲೂ ಒಂದು ಕಥೆ. ಬೈಕಿನ ಲಗೇಜಿಗೂ ಮುರಿಯುವ ಸರದಿಯನ್ನು ನೀವೇ ನಿಗದಿ ಮಾಡಬೇಕು. ಮೊದಲು ಪೆಟ್ಟಿಗೆಯ ಕೊಕ್ಕೆ ಅಥವಾ ಲ್ಯಾಚ್, ಆಮೇಲೆ ರ‍್ಯಾಕ್, ಆಮೇಲೆ ರ‍್ಯಾಕ್ ಹಿಡಿದ ಬೋಲ್ಟ್. ಸಬ್‌ಫ್ರೇಮ್ ಸರದಿ ಎಂದೂ ಬರಕೂಡದು. ಕೊಕ್ಕೆ ಹೋದರೆ ಹಗ್ಗ ಕಟ್ಟಿಕೊಂಡು ಊರು ಸೇರಬಹುದು, ರ‍್ಯಾಕ್ ಹೋದರೆ ದಾರಿಯ ಯಾವುದೋ ವೆಲ್ಡಿಂಗ್ ಅಂಗಡಿ ಸಿಗುತ್ತದೆ. ಸಬ್‌ಫ್ರೇಮ್ ಹೋದರೆ ಪ್ರವಾಸ ಅಲ್ಲಿಗೆ ಮುಗಿಯಿತು.

ಈಗ ಗಟ್ಟಿ ಮಾಡುವ ಮಾತಿಗಿಂತ ಮೊದಲು ತೂಕದ ಮಾತು. ನೀವು ಕೇಳಿಲ್ಲ, ಆದರೂ ಅಂಕಿ ನೀವೇ ಕೊಟ್ಟಿದ್ದೀರಿ. ಬ್ಯಾಂಕಿನವರು, ಒಂದು ಕಾಗದ ತಗೊಳ್ಳಿ. 190ರಲ್ಲಿ ನೀವಿಬ್ಬರೂ 140. ಉಳಿದದ್ದು 50. ಇಬ್ಬರ ಹೆಲ್ಮೆಟ್, ಜಾಕೆಟ್, ಬೂಟು ಸೇರಿ ಸುಮಾರು 15, ಉಳಿದದ್ದು 35. ಸರಳಿನ ರ‍್ಯಾಕ್ ಬ್ರ್ಯಾಕೆಟ್ ಸಮೇತ 7 ಕೆಜಿ ಹಿಡಿಯೋಣ, 28. ಬದಿಯ ಖಾಲಿ ಪೆಟ್ಟಿಗೆ ಒಂದೊಂದು 5 ಕೆಜಿ, ಟಾಪ್ ಬಾಕ್ಸ್ ಪ್ಲೇಟ್ ಸಮೇತ 4.5; ಉಳಿದದ್ದು 13.5. ಕ್ರ್ಯಾಶ್ ಗಾರ್ಡ್, ಫಾಗ್ ಲೈಟ್ 6. ಪಾನಾ, ಪಂಕ್ಚರ್ ಸಾಮಾನು, ಎರಡು ಟ್ಯೂಬ್ 4. ಈಗ ಕೈಯಲ್ಲಿರುವುದು ಮೂರೂವರೆ ಕೆಜಿ. ಇಷ್ಟರಲ್ಲಿ ಇಬ್ಬರ ಹದಿನೈದು ದಿನದ ಬಟ್ಟೆ, ಮಳೆಕೋಟು, ನೀರು, ಔಷಧಿ! ರ‍್ಯಾಕ್ ಮುರಿದದ್ದಕ್ಕೆ ಆಶ್ಚರ್ಯಪಡುವಂಥದ್ದೇನಿಲ್ಲ.

ಅದಕ್ಕೆ ನನ್ನ ಮೊದಲ ಸಲಹೆ ಟಾಪ್ ಬಾಕ್ಸ್ ಬಿಚ್ಚಿ ಮನೆಯಲ್ಲಿಡುವುದು. ಬೇಜಾರಾಗಬಹುದು, ಹೆಂಡತಿಗೆ ಬೆನ್ನು ಒರಗಿಸಲು ಅದು ಬೇಕು ಅಂತಲೂ ಅನ್ನುತ್ತೀರಿ. ಆದರೆ ಮೂರರಲ್ಲಿ ಅತಿ ಕೆಟ್ಟ ಜಾಗದಲ್ಲಿ ಕೂತಿರುವುದು ಅದೇ. ಚಕ್ಕಡಿ ಹೇರುವವರನ್ನು ನೋಡಿದ್ದೀರಿ. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಹಿಡಿಯುತ್ತದೆ, ಅದಕ್ಕೆ ಹೊರೆಯನ್ನು ಅಚ್ಚಿನ ಮೇಲೆ, ಒಂದಿಷ್ಟು ಮುಂದಕ್ಕೇ ಕೂರಿಸುತ್ತಾರೆ. ಬೈಕಿನ ಅಚ್ಚು ಹಿಂದಿನ ಗಾಲಿ. ಎರಡು ಗಾಲಿಯ ಅಂತರ 150 ಸೆಂಮೀ ಅಂದುಕೊಳ್ಳಿ, 12 ಕೆಜಿ ತುಂಬಿದ ಟಾಪ್ ಬಾಕ್ಸಿನ ನಡುಮಧ್ಯ ಹಿಂದಿನ ಅಚ್ಚಿನಿಂದ 35 ಸೆಂಮೀ ಆಚೆಗಿದೆ. 12ನ್ನು 35ರಿಂದ ಗುಣಿಸಿ 150ರಿಂದ ಭಾಗಿಸಿದರೆ 2.8. ಅಂದರೆ ಮುಂದಿನ ಗಾಲಿಯ ಮೇಲಿನ 2.8 ಕೆಜಿಯನ್ನು ಅದು ಕಿತ್ತುಕೊಂಡಿತು, ಹಿಂದಿನ ಗಾಲಿಗೆ 12ರ ಬದಲು 14.8 ಬಿತ್ತು. ವೇಗ ಹೆಚ್ಚಿದಾಗ ಹ್ಯಾಂಡಲ್ ಮೆಲ್ಲಗೆ ತೂಗಾಡುತ್ತದೆ ಅಂತ ದೂರುವವರ ಬೈಕಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನು. ಹಂಪಿನ ಮೇಲೆ ಬಿದ್ದ ಕ್ಷಣ ಆ 12 ಕೆಜಿ ಮೂರು ಪಟ್ಟಾದರೂ ಆಗಿ ಸಬ್‌ಫ್ರೇಮಿನ ಬಾಲ ಜಗ್ಗುತ್ತದೆ.

ಬಿಡಲೇಬಾರದು ಅಂತಿದ್ದರೆ ಅದರಲ್ಲಿ ಮಳೆಕೋಟು, ಸ್ವೆಟರ್ ಮಾತ್ರ ಇಡಿ. ದಾರಿಗೆ ಕಟ್ಟಿಕೊಳ್ಳುವ ಬುತ್ತಿಯೂ ಅಲ್ಲಿರಲಿ. ಕಟಕ ಸಜ್ಜಿ ರೊಟ್ಟಿಯಷ್ಟು ಹಗುರ, ಬಾಳಿಕೆ ಬರುವ ಊಟ ಯಾವ ಕ್ಯಾಂಪಿಂಗ್ ಅಂಗಡಿಯಲ್ಲೂ ಸಿಗುವುದಿಲ್ಲ.

ಇನ್ನು ರ‍್ಯಾಕ್. ಹೊಸದು ಮಾಡಿಸಿ, ಸರಳಿನಲ್ಲಿ ಬೇಡ, ಪೈಪಿನಲ್ಲಿ. ಗ್ರಿಲ್ ಮಾಡುವವರಿಗೆ ಸರಳೆಂದರೆ ಗಟ್ಟಿ, ಪೈಪೆಂದರೆ ಪೊಳ್ಳು ಎಂಬ ಭಾವನೆ ಇರುತ್ತದೆ. ಕಿಟಕಿಗೆ ಅದು ಸರಿ, ಕಳ್ಳ ಗರಗಸ ಹಾಕುತ್ತಾನೆ. ಬೈಕಿನ ರ‍್ಯಾಕಿಗೆ ಬೇಕಾದದ್ದು ಬಾಗದ ಗುಣ. ಬಾಗದೆ ನಿಲ್ಲುವ ಕೆಲಸ ಮಾಡುವುದು ಹೊರಗಿನ ಪದರ, ನಡುವಿನ ಕಬ್ಬಿಣ ಸುಮ್ಮನೆ ತೂಕ. 12 ಮಿಮೀ ಸರಳು ಮೀಟರಿಗೆ ಸುಮಾರು 890 ಗ್ರಾಂ. 19 ಮಿಮೀ ಹೊರವ್ಯಾಸದ, 1.5 ಮಿಮೀ ದಪ್ಪದ ಪೈಪು ಮೀಟರಿಗೆ ಸುಮಾರು 650 ಗ್ರಾಂ. ಕಾಲು ಭಾಗಕ್ಕಿಂತ ಹೆಚ್ಚು ಹಗುರ. ಆದರೆ ಬಾಗದಿರುವ ಬಿಗುವು ಸರಳಿನ ಮೂರು ಪಟ್ಟು, ಬಾಗಿ ಮುರಿಯದೆ ತಾಳುವ ಶಕ್ತಿ ಸುಮಾರು ಎರಡು ಪಟ್ಟು. ನಿಮ್ಮವರ ಹತ್ತಿರ ಸಾದಾ ಆರ್ಕ್ ವೆಲ್ಡಿಂಗ್ ಮಾತ್ರ ಇದ್ದರೆ 1.5 ಮಿಮೀ ಪೈಪು ತೂತು ಬೀಳುತ್ತದೆ, ಆಗ 2 ಮಿಮೀ ದಪ್ಪದ್ದು ತಗೊಳ್ಳಿ. ಆಗಲೂ ಸರಳಿಗಿಂತ ಭಾರವಾಗದು. ತೆಳು ಲೋಹಕ್ಕೆ ಹೊಂದುವ ಮಿಗ್ ಅಥವಾ ಟಿಗ್ ವೆಲ್ಡಿಂಗ್ ಇದ್ದ ಕಡೆ ಮಾಡಿಸಿದರೆ ಒಳ್ಳೆಯದು. ಜಮಖಂಡಿ, ಮುಧೋಳ ಕಡೆ ಕಬ್ಬಿನ ಟ್ರೇಲರ್ ಮಾಡುವ ಶೆಡ್‌ಗಳಲ್ಲಿ ಮಿಗ್ ಸಿಗಬಹುದು, ಕೇಳಿ ನೋಡಿ.

ಮುಂದೆ ಎಂದಾದರೂ ಹೊರದೇಶದ ಕಂಪನಿಯ ಪೆಟ್ಟಿಗೆ ತರುವ ಯೋಚನೆ ಇದ್ದರೆ ಪೈಪಿನ ವ್ಯಾಸ ಮೊದಲೇ ನೋಡಿಕೊಳ್ಳಿ. ಹೆಪ್ಕೊ ಆಂಡ್ ಬೆಕರ್ ರ‍್ಯಾಕ್‌ಗಳು ಹೆಚ್ಚಾಗಿ 16 ಮಿಮೀ, ಟೂರಾಟೆಕ್‌ನವು 18. ಕೊಕ್ಕೆಗಳೂ ಆ ಅಳತೆಗೇ ಇರುತ್ತವೆ.

ಪೈಪಿನ ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ತೂತು ಹೊಡೆದು ಬೋಲ್ಟ್ ಹಾಕುವ ರೂಢಿ ಒಂದಿದೆ, ಅದಕ್ಕೆ ಒಪ್ಪಬೇಡಿ. ದುಂಡಗಿದ್ದದ್ದು ಚಪ್ಪಟೆಯಾಗುವ ಕತ್ತಿನಲ್ಲೇ ಅದು ಹರಿಯುತ್ತದೆ. ಪೈಪನ್ನು ಸೀಳಿ 4 ಮಿಮೀ ಪ್ಲೇಟಿನ ನಾಲಿಗೆ ತೂರಿಸಿ ಎರಡೂ ಕಡೆ ವೆಲ್ಡ್ ಮಾಡಿಸಿ. ಮೂಲೆಗೆ ಗಸೆಟ್ (ಬಲಕ್ಕೆ ಹಾಕುವ ಪ್ಲೇಟಿನ ತುಂಡು) ಕೊಡುವುದಾದರೆ ತುದಿ ಸಪೂರವಾಗಿ ಇಳಿಯಲಿ, ಚೌಕ ತುಂಡು ಬೇಡ. ಪೈಪಿಗೆ ಅಡ್ಡಲಾಗಿ, ಬಳೆ ತೊಡಿಸಿದ ಹಾಗೆ ವೆಲ್ಡ್ ಎಳೆದರೆ ಈಗಿನ ಬಿರುಕೇ ಮತ್ತೆ ಹುಟ್ಟುತ್ತದೆ. ಪೈಪಿನ ಉದ್ದಕ್ಕೆ ಎಳೆದ ವೆಲ್ಡ್ ಬಹಳ ಕಾಲ ಬಾಳುತ್ತದೆ. ಪ್ರತಿ ಪೈಪಿನ ಅತಿ ಕೆಳಗಿನ ಜಾಗದಲ್ಲಿ 3 ಮಿಮೀ ತೂತು ಇರಲಿ, ಒಳಗೆ ನೀರು ನಿಂತು ತುಕ್ಕು ತಿನ್ನದಿರಲಿ.

ಈಗ ಬಹುಮುಖ್ಯ ಭಾಗ, ನಿಮ್ಮ ಫೋಟೋದಲ್ಲಿ ಕಾಣದ ಭಾಗ. ನಿಮ್ಮ ಎಡ, ಬಲ ರ‍್ಯಾಕುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬೇರೆ ಬೇರೆ ನೇತಾಡುತ್ತಿವೆ. ನಂಬರ್ ಪ್ಲೇಟಿನ ಹಿಂದೆ ಎರಡನ್ನೂ ಕೂಡಿಸುವ ಒಂದು ಅಡ್ಡ ಪೈಪು ಬೇಕೇ ಬೇಕು. ಗುಂಡಿಗೆ ಬಿದ್ದಾಗಲೆಲ್ಲ ಪೆಟ್ಟಿಗೆ ಕೆಳಗೆ ಮಾತ್ರ ಎಳೆಯುವುದಿಲ್ಲ, ತೊಟ್ಟಿಲಿನ ಹಾಗೆ ಒಳಗೂ ಹೊರಗೂ ತೂಗುತ್ತದೆ. ಅಡ್ಡ ಪೈಪಿಲ್ಲದಿದ್ದರೆ ಆ ತೂಗಾಟವನ್ನೆಲ್ಲ ಮೇಲಿನ ಎರಡು ಬೋಲ್ಟುಗಳೇ ತಡೆಯಬೇಕು. ಇದ್ದರೆ ಒಂದು ಕಡೆಯ ಜಗ್ಗಾಟವನ್ನು ಇನ್ನೊಂದು ಕಡೆ ಹಿಡಿಯುತ್ತದೆ. ನೀವು ಒಂದೇ ಒಂದು ಬದಲಾವಣೆ ಮಾಡಿಸಬಲ್ಲಿರಿ ಅಂದರೆ ಇದನ್ನೇ ಮಾಡಿಸಿ ಅನ್ನುತ್ತೇನೆ. ಹಿಂದಿನ ಗಾಲಿ ತೆಗೆಯಲು ಅಡ್ಡ ಬರದ ಹಾಗೆ ಎರಡು ಬೋಲ್ಟಿನಲ್ಲಿ ಬಿಚ್ಚುವಂತಿರಲಿ. ನಂಬರ್ ಪ್ಲೇಟ್, ಹಿಂದಿನ ದೀಪ, ಇಂಡಿಕೇಟರ್ ಯಾವುದೂ ಮುಚ್ಚಬಾರದು.

ಪ್ರತಿ ಬದಿಗೆ ಹಿಡಿತ ಮೂರು ಜಾಗದಲ್ಲಿರಲಿ: ಮೇಲೆ ಸಬ್‌ಫ್ರೇಮಿಗೆ ಎರಡು, ಕೆಳಗೆ ಹಿಂದಿನ ಸವಾರರ ಫುಟ್‌ರೆಸ್ಟ್ ಕೂರುವ ಜಾಗದಲ್ಲಿ ಒಂದು. ಮೂರೂ ಸೇರಿ ಅಗಲವಾದ ತ್ರಿಕೋನವಾಗಬೇಕು. ಕಂಪನಿ ಕೊಟ್ಟ ತೂತುಗಳನ್ನೇ ಬಳಸಿ. ಸಬ್‌ಫ್ರೇಮಿಗೆ ಹೊಸ ತೂತು ಕೊರೆಯುವುದು, ವೆಲ್ಡ್ ಮಾಡುವುದು ಎರಡೂ ಬೇಡ. ವೆಲ್ಡಿನ ಬಿಸಿ ತಗುಲಿದ ಜಾಗ ಮೊದಲಿನಂತೆ ಉಳಿಯುವುದಿಲ್ಲ, ವಾರಂಟಿ, ವಿಮೆಯವರಿಗೂ ಅದೊಂದು ನೆಪ. ಸೈಲೆನ್ಸರ್ ಬದಿಯ ಪೆಟ್ಟಿಗೆ ಹೇಗೂ ಹೊರಗೆ ಚಾಚಿರುತ್ತದೆ, ಅದಕ್ಕೆ ಉದ್ದ ಸ್ಪೇಸರ್ (ನಡುವಿನ ಅಂತರ ತುಂಬುವ ಕೊಳವೆ, ಬುಶ್) ಹಾಕುತ್ತಾರೆ. ತೆಳ್ಳಗಿನ ಸ್ಪೇಸರ್ ಹಾಕಿದರೆ ಬೋಲ್ಟ್ ಬಾಗುತ್ತದೆ, ಬೋಲ್ಟ್ ಹುಟ್ಟಿರುವುದು ಬಾಗಲಿಕ್ಕಲ್ಲ. ಎಂ8, ಅಂದರೆ 8 ಮಿಮೀ ಬೋಲ್ಟಿಗೆ 20 ಮಿಮೀ ಹೊರವ್ಯಾಸದ ಬುಶ್ ಮಾಡಿಸಿ, ಎರಡೂ ಮುಖ ಲೇತಿನಲ್ಲಿ ಸಪಾಟಾಗಿ ಬರಲಿ. ಬೆಳಗಾವಿಗೆ ಬಂದರೆ ಅದು ಅರ್ಧ ಗಂಟೆಯ ಕೆಲಸ.

ಪೌಡರ್ ಕೋಟಿಂಗ್ ಮಾಡಿಸುವಾಗ ಬೋಲ್ಟ್ ಕೂರುವ ಮುಖಗಳನ್ನು ಬರಿಗಬ್ಬಿಣವಾಗಿ ಬಿಡಿಸಿ, ಅಥವಾ ಆಮೇಲೆ ಕೆರೆಯಿರಿ. ಬಣ್ಣದ ದಪ್ಪ ಪದರದ ಮೇಲೆ ಬಿಗಿದ ಬೋಲ್ಟ್ ಆ ಪದರ ಹಿಚುಕಿ ಹೋದ ಹಾಗೆ ತಾನೇ ಸಡಿಲವಾಗುತ್ತದೆ. "ಎಷ್ಟು ಬಿಗಿದ್ರೂ ಲೂಸ್ ಆಗ್ತದ್ರಿ" ಅಂತ ಬರುವ ಬೈಕುಗಳಲ್ಲಿ ಅರ್ಧದಷ್ಟರ ರೋಗ ಇದೇ.

ಬೋಲ್ಟ್ ತಲೆಯ ಮೇಲೆ 8.8 ಅಂತ ಒತ್ತಿರಬೇಕು, ಅದು ಬೋಲ್ಟಿನ ಶಕ್ತಿಯ ದರ್ಜೆ. ಹೊಳೆಯುತ್ತದೆ ಅಂತ ಸ್ಟೇನ್‌ಲೆಸ್ ಹಾಕಿಸಬೇಡಿ. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ಎ2-70 ಸ್ಟೇನ್‌ಲೆಸ್ ಬೋಲ್ಟಿನ ಎಳೆತದ ಶಕ್ತಿ 700 ಮೆಗಾಪಾಸ್ಕಲ್, 8.8ರದು 800. ಎಂ8 ಬೋಲ್ಟನ್ನು ಸುಮಾರು 22ರಿಂದ 25 ನ್ಯೂಟನ್ ಮೀಟರ್, ಎಂ6 ಅನ್ನು 9ರಿಂದ 10ಕ್ಕೆ ಬಿಗಿಯಿರಿ. ಬೈಕಿನ ಪುಸ್ತಕ ಬೇರೆ ಹೇಳಿದ್ದರೆ ಪುಸ್ತಕವೇ ಸರಿ. ನಟ್ ಇದ್ದಲ್ಲಿ ನೈಲಾಕ್ (ಒಳಗೆ ನೈಲಾನ್ ಉಂಗುರವಿರುವ, ಸುಲಭಕ್ಕೆ ಸಡಿಲವಾಗದ ನಟ್), ಫ್ರೇಮಿನ ಎಳೆಗೆ ನೇರ ತಿರುಗುವಲ್ಲಿ ಲಾಕ್‌ಟೈಟ್ 243 ಎಂಬ ಎಳೆ ಹಿಡಿಯುವ ಅಂಟಿನ ಒಂದೆರಡು ಹನಿ. ಜೋಡಿಸುವಾಗ ಮೊದಲು ಎಲ್ಲ ಬೋಲ್ಟನ್ನೂ ಕೈಬಿಗಿ ಮಾಡಿ, ರ‍್ಯಾಕ್ ತಾನಾಗಿ ಕೂತ ಮೇಲೆ ಒಂದೊಂದಾಗಿ ಬಿಗಿಯಿರಿ. ತೂತು ಸೇರದೆ ಸ್ಕ್ರೂಡ್ರೈವರ್ ಹಾಕಿ ಮೀಟಿ ಕೂರಿಸಿದ ರ‍್ಯಾಕ್ ಒಂದು ಮೈಲಿಯೂ ಓಡುವ ಮೊದಲೇ ಒಳಗೆ ಬಿಗುವು ತುಂಬಿಕೊಂಡಿರುತ್ತದೆ. ಹಾಗೆ ಸೇರದಿದ್ದರೆ ವಾಪಸ್ ಕೊಟ್ಟು ತಿದ್ದಿಸಿ, ನಾಚಬೇಡಿ. ಅಳತೆಗೆ ಅಂತ ಬೈಕಿನ ಮೇಲೆಯೇ ಟ್ಯಾಕ್ (ಚುಕ್ಕೆ ವೆಲ್ಡ್) ಹೊಡೆಯುತ್ತೇವೆ ಅಂದರೆ ಬ್ಯಾಟರಿಯ ಎರಡೂ ತಂತಿ, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಕನೆಕ್ಟರ್ ಬಿಚ್ಚಿಸಿ, ಅರ್ತ್ ಕ್ಲ್ಯಾಂಪ್ ರ‍್ಯಾಕಿಗೇ ಹಾಕಿಸಿ. ಪೂರ್ತಿ ವೆಲ್ಡ್ ಮಾತ್ರ ಕೆಳಗಿಳಿಸಿದ ಮೇಲೆ.

ಪೆಟ್ಟಿಗೆಯ ಉಬ್ಬಿಗೆ ಬರೋಣ. ಕೊಕ್ಕೆಯ ಸುತ್ತ ತಗಡು ಉಬ್ಬಿದೆ ಅಂದರೆ ಪೆಟ್ಟಿಗೆಯ ತೂಕವೆಲ್ಲ ನಾಲ್ಕು ರಿವೆಟ್ ತಲೆಯಗಲದ ಜಾಗದಲ್ಲಿ ನೇತಾಡುತ್ತಿದೆ. ನಿಮ್ಮ ಎರಡನೇ ಫೋಟೋದಲ್ಲಿ ಮೇಲಿನ ಲ್ಯಾಚ್ ಭಾರ ಹೊತ್ತಿದೆ, ಕೆಳಗಿನ ಕೊಕ್ಕೆಗೂ ಪೈಪಿಗೂ ನಡುವೆ ಬೆಳಕು ಕಾಣುತ್ತದೆ. ಇದು ತಿರುಗಾಮುರುಗಾ ಆಗಿದೆ. ಭಾರ ಕೆಳಗಿನ ಎರಡು ಕೊಕ್ಕೆಗಳ ಮೇಲೆ ಕೂರಬೇಕು, ಮೇಲಿನ ಲ್ಯಾಚಿನ ಕೆಲಸ ಪೆಟ್ಟಿಗೆ ಹೊರಗೆ ಬಾಗದಂತೆ ಹಿಡಿಯುವುದಷ್ಟೇ. ಹೊಸ ರ‍್ಯಾಕಿನಲ್ಲಿ ಕೆಳಗಿನ ಪೈಪಿನ ಎತ್ತರ ಇದಕ್ಕೆ ಸರಿಯಾಗಿ ಹೊಂದಿಸಿ.

ಆಮೇಲೆ ಪೆಟ್ಟಿಗೆಯ ಒಳಮೈಗೆ 3 ಮಿಮೀ ಅಲ್ಯೂಮಿನಿಯಂ ಪ್ಲೇಟ್ ಕೊಡಿ. ಕೊಕ್ಕೆಯಷ್ಟೇ ಅಗಲದ ಚೂರು ಸಾಲದು, ಒಂದು ಪೆಟ್ಟಿಗೆಗೆ ಒಂದೇ ಉದ್ದ ಪ್ಲೇಟ್, ಎರಡೂ ಕೊಕ್ಕೆಯನ್ನು ದಾಟಿ ಪೆಟ್ಟಿಗೆ ಮಡಚಿದ ಮೂಲೆಯವರೆಗೆ ಹೋಗಲಿ. ತಗಡಿನ ಬಲ ಇರುವುದು ಮಡಿಕೆಯಲ್ಲಿ, ನಡುವಿನ ಬಯಲಿನಲ್ಲಲ್ಲ. ಭಾರವನ್ನು ಬಯಲಿನಿಂದ ಮಡಿಕೆಗೆ ಮುಟ್ಟಿಸಿದರೆ ಅದೇ 1.5 ಮಿಮೀ ತಗಡು ಬೇರೆ ಪೆಟ್ಟಿಗೆಯೇ ಆಗುತ್ತದೆ. ಪ್ಲೇಟಿನ ಮೂಲೆಗಳನ್ನು ದುಂಡಗೆ ಮಾಡಿ, ನಡುವೆ ಪಾಲಿಯುರೆಥೇನ್ ಸೀಲಂಟ್ ಹಚ್ಚಿ, 4.8 ಮಿಮೀ ತುದಿ ಮುಚ್ಚಿದ ರಿವೆಟ್ ಅಥವಾ ಅಗಲ ವಾಷರ್ ಹಾಕಿದ ಎಂ6 ಬೋಲ್ಟ್. ಎಲ್ಲಾದರೂ ಕೂದಲೆಳೆ ಬಿರುಕು ಕಂಡರೆ ಅದರ ತುದಿಗೆ ಸರಿಯಾಗಿ 3 ಮಿಮೀ ತೂತು ಕೊರೆದು ಆಮೇಲೆ ಪ್ಲೇಟ್ ಹೊಡೆಯಿರಿ. ಚೂಪಾದ ತುದಿ ದುಂಡಗಾದರೆ ಬಿರುಕು ಅಲ್ಲೇ ನಿಲ್ಲುತ್ತದೆ. ವೆಲ್ಡ್ ಮಾಡಿಸಿ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಅಲ್ಯೂಮಿನಿಯಂ ವೆಲ್ಡಿನ ಅಕ್ಕಪಕ್ಕ ಮೆತ್ತಗಾಗುತ್ತದೆ, ಅಂಥ ತೆಳು ತಗಡಿನಲ್ಲಿ ಅದು ಹೊಸ ಬಿರುಕಿನ ಬೀಜ.

ಅಲ್ಯೂಮಿನಿಯಂ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಹೇಳಲು ಕಾರಣವಿದೆ. ಕಬ್ಬಿಣಕ್ಕೆ ಒಂದು ಮಿತಿ ಇದೆ, ಅದರ ಕೆಳಗೆ ಎಷ್ಟು ಲಕ್ಷ ಸಲ ಅಲುಗಿಸಿದರೂ ಸಹಿಸುತ್ತದೆ. ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ, ಸಣ್ಣ ಅಲುಗಾಟವನ್ನೂ ಲೆಕ್ಕಕ್ಕೆ ಬರೆದುಕೊಳ್ಳುತ್ತದೆ. ನೀವು ಹೋಗುವ ಕಡೆ ತೊಳೆಯುವ ಹಲಗೆಯಂಥ ಏರಿಳಿತದ ಕಚ್ಚಾ ದಾರಿ ಸಿಗುತ್ತದೆ. ಏರುಗಳ ನಡುವೆ 70 ಸೆಂಮೀ ಅಂತರ, ನಿಮ್ಮ ವೇಗ ಗಂಟೆಗೆ 40 ಕಿಮೀ ಅಂದರೆ ಸೆಕೆಂಡಿಗೆ ಸುಮಾರು 16 ಹೊಡೆತ, ಗಂಟೆಗೆ 57 ಸಾವಿರ. ಊರಿನ ಹಂಪುಗಳನ್ನು ಹತ್ತು ವರ್ಷ ಹಾರಿದರೂ ಅಷ್ಟಾಗುವುದಿಲ್ಲ.

ಅದಕ್ಕೇ ಕೊಕ್ಕೆಗೂ ಪೈಪಿಗೂ ನಡುವೆ ರಬ್ಬರ್ ಇರಬೇಕು. ಹಳೆಯ ಟ್ರ್ಯಾಕ್ಟರ್ ಟ್ಯೂಬಿನ ತುಂಡು ಸಾಕು, ಚೆನ್ನಾಗಿ ಬಾಳುತ್ತದೆ. ಪೆಟ್ಟಿಗೆ ಹಿಡಿದು ಅಲುಗಿಸಿದರೆ ರಬ್ಬರ್ ಒತ್ತಿಕೊಂಡಷ್ಟು ಅಲುಗಲಿ, ಟಕ್ ಟಕ್ ಸದ್ದು ಮಾತ್ರ ಬರಬಾರದು. ಸದ್ದು ಬಂದರೆ ನಡುವೆ ಸಂದು ಇದೆ, ಸಂದು ಇದ್ದರೆ ಪ್ರತಿ ಗುಂಡಿಗೂ ಪೆಟ್ಟಿಗೆ ಸುತ್ತಿಗೆಯಾಗುತ್ತದೆ. ಕಬ್ಬಿಣ, ಅಲ್ಯೂಮಿನಿಯಂ ಒಂದಕ್ಕೊಂದು ತಾಗಿ ಮಳೆನೀರು ಸೇರಿದರೆ ಅಲ್ಯೂಮಿನಿಯಂ ಬಿಳಿಪುಡಿಯಾಗಿ ಸವೆಯುವುದನ್ನೂ ಆ ರಬ್ಬರೇ ತಡೆಯುತ್ತದೆ. ಪೆಟ್ಟಿಗೆಯ ಒಳಗೆ ಹಳೆಯ ಕೌದಿ ಹಾಸಿ. ಪಾನಾ, ಡಬ್ಬಿ ತಗಡಿಗೆ ಉಜ್ಜಿದರೆ ಕರಿಮಸಿಯಂಥ ಪುಡಿ ಉದುರಿ ಬಟ್ಟೆಗೆಲ್ಲ ಹತ್ತುತ್ತದೆ, ತೊಳೆದರೂ ಹೋಗದು. ಭಾರದ ಸಾಮಾನು ತಳದಲ್ಲಿ, ಬೈಕಿನ ಕಡೆಯ ಗೋಡೆಗೆ ಒತ್ತಿ ಇಡಿ. ಸೈಲೆನ್ಸರ್ ಬದಿಯ ಪೆಟ್ಟಿಗೆ ಹೊರಗೆ ಚಾಚಿರುವುದರಿಂದ ಅದರಲ್ಲಿ ಒಂದೆರಡು ಕೆಜಿ ಕಡಿಮೆ ಇರಲಿ.

ಪೆಟ್ಟಿಗೆ ಎಷ್ಟು ಮುಂದಕ್ಕೆ ಕೂತರೆ ಬೈಕಿಗೆ ಅಷ್ಟು ಒಳ್ಳೆಯದು ಅಂದೆ, ಆದರೆ ಅದಕ್ಕೊಂದು ಮಿತಿ ನಿಮ್ಮ ಕಾಲು. ಮರಳಲ್ಲೋ ಕಲ್ಲಿನಲ್ಲೋ ಬೈಕ್ ವಾಲಿದಾಗ ನಾವು ಯೋಚಿಸದೆ ಕಾಲು ಕೆಳಗೆ ಊರುತ್ತೇವೆ. ಬೈಕ್ ಮುಂದೆ ಸಾಗುತ್ತಿರುತ್ತದೆ, ಹಿಂದಿನಿಂದ ಪೆಟ್ಟಿಗೆ ಬಂದು ಮೀನಖಂಡಕ್ಕೆ ಬಡಿದು ಕಾಲನ್ನು ಅಡಿಗೆ ಎಳೆದುಕೊಳ್ಳುತ್ತದೆ. ಕಣಕಾಲು ಮುರಿದುಕೊಂಡವರನ್ನು ನೋಡಿದ್ದೇನೆ. ಗಟ್ಟಿ ಪೆಟ್ಟಿಗೆಯ ಬಗ್ಗೆ ನನಗಿರುವ ನಿಜವಾದ ತಕರಾರು ಇದೊಂದೇ, ಮೆತ್ತನೆಯ ಚೀಲದಲ್ಲಿ ಈ ಭಯ ಬಹಳ ಕಡಿಮೆ. ಬೈಕ್ ಮೇಲೆ ಕೂತು ಎರಡೂ ಕಾಲು ಊರಿ ಬೈಕನ್ನು ಹಿಂದಕ್ಕೆ, ಮುಂದಕ್ಕೆ ನಡೆಸಿ ನೋಡಿ. ಮೀನಖಂಡ ಪೆಟ್ಟಿಗೆಗೆ ತಾಗಿದರೆ ಅದು ಹಿಂದೆ ಸರಿಯಲೇಬೇಕು. ಹಿಂದೆ ಕೂತವರ ಹಿಮ್ಮಡಿಗೂ ಜಾಗ ಬೇಕು, ನಿಮ್ಮ ಮನೆಯವರನ್ನು ಬೂಟು ಹಾಕಿಸಿ ಕೂರಿಸಿಯೇ ಅಳತೆ ತಗೊಳ್ಳಿ. ಪೆಟ್ಟಿಗೆಗಳ ಒಟ್ಟು ಅಗಲ ಹ್ಯಾಂಡಲಿನ ಅಗಲ ದಾಟದಿದ್ದರೆ ಮೇಲು. ಹ್ಯಾಂಡಲ್ ತೂರಿದ ಕಡೆ ಪೆಟ್ಟಿಗೆಯೂ ತೂರುತ್ತದೆ ಅಂತ ಕಣ್ಣಿಗೆ ಭರವಸೆ ಇರುತ್ತದೆ, ಕಬ್ಬು ಹೇರಿದ ಎರಡು ಟ್ರೇಲರ್ ನಡುವೆ ಸಿಕ್ಕಾಗ ಅದು ದೊಡ್ಡ ಸಮಾಧಾನ.

ಎಲ್ಲ ಮುಗಿದ ಮೇಲೆ ಟೈರ್ ಗಾಳಿಯನ್ನು ಪುಸ್ತಕದಲ್ಲಿ ಇಬ್ಬರಿಗೆ ಹೇಳಿದಷ್ಟಕ್ಕೆ ಏರಿಸಿ, ಹಿಂದಿನ ಶಾಕ್ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಿಕೆ) ಬಿಗಿ ಮಾಡಿ, ಎದುರಿನವರ ಕಣ್ಣು ಕುಕ್ಕದಂತೆ ಹೆಡ್‌ಲೈಟ್ ಒಂದಿಷ್ಟು ಇಳಿಸಿ.

ಪರೀಕ್ಷೆಗೆ ಲೇಹ್‌ವರೆಗೆ ಹೋಗಬೇಕಿಲ್ಲ. ಎರಡೂ ಪೆಟ್ಟಿಗೆಗೆ ಜೋಳ ತೂಗಿ ಹಾಕಿ, ಪ್ರವಾಸದಲ್ಲಿ ಎಷ್ಟು ಒಯ್ಯುತ್ತೀರೋ ಅಷ್ಟೇ, ಅದರ ಮೇಲೊಂದು ಕೆಜಿ. ಪ್ರತಿ ಬೋಲ್ಟ್ ತಲೆಯಿಂದ ರ‍್ಯಾಕಿನ ಮೇಲೆ ಇಳಿಯುವ ಹಾಗೆ ಬಿಳಿ ಬಣ್ಣದ ಒಂದು ಗೆರೆ ಎಳೆಯಿರಿ. ವಿಜಯಪುರಕ್ಕೆ ಹೋಗಿ ಬನ್ನಿ. ಚಿಕ್ಕಪಡಸಲಗಿ ಹತ್ತಿರ ಕೃಷ್ಣಾ ದಾಟುವಾಗ ನಿಂತು ಒಂದು ಸಲ ಬೋಲ್ಟ್ ನೋಡಿ, ಜೊತೆಗೆ 1989ರಲ್ಲಿ ರೈತರೇ ಕೂಡಿ ಕಟ್ಟಿದ ಬ್ಯಾರೇಜನ್ನೂ ನೋಡಿ. ಗೋಳಗುಮ್ಮಟದ ಎದುರಿಗೆ ಚಹಾ ಕುಡಿಯುವಾಗ ಇನ್ನೊಂದು ಸಲ. ಗೆರೆ ಮುರಿದಿದ್ದರೆ ಬೋಲ್ಟ್ ತಿರುಗಿದೆ. ಮೊದಲ 100 ಕಿಮೀನಲ್ಲಿ ಒಂದೆರಡು ತಿರುಗುವುದು ಸಹಜ, ಬಿಗಿದು ಹೊಸ ಗೆರೆ ಎಳೆಯಿರಿ. 500 ಕಿಮೀ ಆದ ಮೇಲೂ ಅದೇ ಬೋಲ್ಟ್ ತಿರುಗಿದರೆ ಆ ಜಾಗದ ಮುಖ ಸಪಾಟಿಲ್ಲ ಅಥವಾ ರ‍್ಯಾಕ್ ಮೀಟಿಕೊಂಡು ಕೂತಿದೆ.

ವಿಜಯಪುರದಿಂದ ವಾಪಸ್ ಬಂದ ದಿನವೇ, ಒರೆಸದೆ, ಆರೂ ಬೋಲ್ಟು ಮತ್ತು ಅಡ್ಡ ಪೈಪಿನ ಎರಡು ಬೋಲ್ಟಿನ ಫೋಟೋ ಕಳಿಸಿ. ಧೂಳು ಹಾಗೇ ಇರಲಿ. ಅಲುಗಾಡಿದ ಜಾಗದಲ್ಲಿ ಧೂಳು ಕರಿ ಗೆರೆಯಾಗಿ ಕೂತಿರುತ್ತದೆ, ನನಗೆ ನೋಡಬೇಕಾದದ್ದು ಅದೇ.